ನರ್ಸಿಂಗ್ ‘ವೃತ್ತಿಪರ ಪದವಿ’ ಅಲ್ಲವೇ? ಅಮೆರಿಕದ ಸಾಲಮಿತಿಯೂ ನರ್ಸ್ ಪ್ರಾಕ್ಟೀಷನರ್ ಓದಿನ ಲೆಕ್ಕವೂ

ಅಮೆರಿಕದಲ್ಲಿ ನರ್ಸಿಂಗ್ ಇನ್ನು ಮುಂದೆ ‘ವೃತ್ತಿಪರ ಪದವಿ’ಯಲ್ಲ ಎಂಬ ಒಂದು ಸಾಲಿನ ಸುದ್ದಿ 2025ರ ನವೆಂಬರ್‌ನಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಬಿರುಸಾಗಿ ಹರಡಿತು. ನರ್ಸ್‌ಗಳ ಪರವಾನಗಿಗೇ ಕುತ್ತು ಬಂತೆಂದು ಕೆಲವರು ಗಾಬರಿಯಾದರೆ, ಮಹಿಳೆಯರೇ ಹೆಚ್ಚಿರುವ ಒಂದು ವೃತ್ತಿಗೆ ಸರ್ಕಾರ ಬೇಕೆಂದೇ ಮಾಡಿದ ಅವಮಾನವಿದು ಎಂದು ಇನ್ನು ಕೆಲವರು ಸಿಟ್ಟಾದರು. ಆದರೆ ಆ ಸುದ್ದಿ ಪರವಾನಗಿಗೆ ಸಂಬಂಧಿಸಿದ್ದೇ ಅಲ್ಲ. ಸ್ನಾತಕೋತ್ತರ ಓದಿಗೆ ಕೇಂದ್ರ ಸರ್ಕಾರ ಎಷ್ಟು ಸಾಲ ಕೊಡುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ರೋಗಿಯನ್ನು ಪರೀಕ್ಷಿಸಿ, ರೋಗ ಗುರುತಿಸಿ, ಔಷಧಿ ಬರೆದುಕೊಡುವ ಅಧಿಕಾರವಿರುವ ನರ್ಸ್ ಪ್ರಾಕ್ಟೀಷನರ್, ಅಂದರೆ ಎನ್‌ಪಿ, ಆಗಬೇಕೆಂದು ಹೊರಟಿರುವ ನರ್ಸ್‌ಗಳಿಗೆ ಇದರ ಬಿಸಿ ತಟ್ಟುವುದು ನಿಜ. ಆದರೆ ಅದು ಎಲ್ಲರಿಗೂ ಒಂದೇ ಸಮನಾಗಿ ತಟ್ಟುವುದಿಲ್ಲ. ಯಾವ ವಿಭಾಗ, ಯಾವ ಪದವಿ, ಯಾವ ರಾಜ್ಯ ಎಂಬ ಮೂರು ಆಯ್ಕೆಗಳನ್ನು ಅವಲಂಬಿಸಿ ಒಬ್ಬರಿಗೆ ಅದು ಏನೂ ಅಲ್ಲ, ಮತ್ತೊಬ್ಬರಿಗೆ ಓದಿನ ಹಾದಿಯನ್ನೇ ಮುಚ್ಚುವಂಥದ್ದು.

ಸುದ್ದಿಯ ಹಿಂದಿರುವ ಕಾನೂನು

2006ರಿಂದ ಅಮೆರಿಕದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ‘ಗ್ರ್ಯಾಡ್ ಪ್ಲಸ್’ ಎಂಬ ಕೇಂದ್ರ ಸಾಲ ಸಿಗುತ್ತಿತ್ತು. ಶುಲ್ಕ, ಬಾಡಿಗೆ, ಊಟ ಎಲ್ಲ ಸೇರಿಸಿ ಕಾಲೇಜು ಎಷ್ಟು ವೆಚ್ಚ ತೋರಿಸುತ್ತದೋ ಅಷ್ಟರವರೆಗೂ ಅದರಲ್ಲಿ ಸಾಲ ಪಡೆಯಬಹುದಾಗಿತ್ತು. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಕಾಯ್ದೆಯು 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಈ ಬಾಗಿಲು ಮುಚ್ಚುತ್ತದೆ. ಅದರ ಬದಲಿಗೆ ಎರಡು ಮಿತಿಗಳು ಬರುತ್ತವೆ. ಸಾಮಾನ್ಯ ಸ್ನಾತಕೋತ್ತರ ಓದಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್. ವೃತ್ತಿಪರ ಪದವಿಯ ಓದಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್.

ಹಾಗಾದರೆ ವೃತ್ತಿಪರ ಪದವಿ ಎಂದರೆ ಯಾವುದು? ಕಾಯ್ದೆ ಇದಕ್ಕೆ ಹೊಸ ವ್ಯಾಖ್ಯೆ ಕೊಡಲಿಲ್ಲ; ಹಳೆಯ ನಿಯಮದಲ್ಲಿದ್ದ ವ್ಯಾಖ್ಯೆಯತ್ತ ಬೊಟ್ಟು ಮಾಡಿತು. ಆ ನಿಯಮದಲ್ಲಿ ವೈದ್ಯಕೀಯ, ದಂತವೈದ್ಯ, ಫಾರ್ಮಸಿ, ಪಶುವೈದ್ಯ, ಕಾನೂನು, ದೇವತಾಶಾಸ್ತ್ರ ಮುಂತಾದವು ಉದಾಹರಣೆಗಳಾಗಿ ನಮೂದಾಗಿವೆ, ನರ್ಸಿಂಗ್ ಇಲ್ಲ. ಶಿಕ್ಷಣ ಇಲಾಖೆ ನೇಮಿಸಿದ ಸಂಧಾನ ಸಮಿತಿ 2025ರ ನವೆಂಬರ್‌ನಲ್ಲಿ ಒಮ್ಮತಕ್ಕೆ ಬಂದ ಕರಡು ಆ ಉದಾಹರಣೆಗಳನ್ನೇ ಹೆಚ್ಚುಕಡಿಮೆ ಮುಚ್ಚಿದ ಪಟ್ಟಿಯನ್ನಾಗಿಸಿ, ಕ್ಲಿನಿಕಲ್ ಸೈಕಾಲಜಿಯನ್ನು ಮಾತ್ರ ಅದಕ್ಕೆ ಸೇರಿಸಿತು. ನರ್ಸಿಂಗ್ ಜತೆಗೆ ಫಿಸಿಷಿಯನ್ ಅಸಿಸ್ಟೆಂಟ್, ಫಿಸಿಯೋಥೆರಪಿ, ಸಾರ್ವಜನಿಕ ಆರೋಗ್ಯ, ಸಮಾಜಕಾರ್ಯ, ವಾಸ್ತುಶಿಲ್ಪ ಇವೆಲ್ಲವೂ ಹೊರಗುಳಿದವು. ದೇವತಾಶಾಸ್ತ್ರ ಓದುವವರಿಗೆ ವರ್ಷಕ್ಕೆ 50,000, ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಲು ಕಲಿಯುವ ನರ್ಸ್‌ಗಳಿಗೆ 20,500 ಎಂಬ ವಿಚಿತ್ರ ಹುಟ್ಟಿದ್ದು ಇಲ್ಲಿಂದ. ದಶಕಗಳ ಹಿಂದೆ ಉದಾಹರಣೆಗೆಂದು ಬರೆದಿಟ್ಟ ಸಾಲುಗಳ ಮೇಲೆ ಇಂದು ಸಾವಿರಾರು ಡಾಲರ್‌ಗಳ ನಿರ್ಧಾರ ನಿಂತರೆ ಹೀಗೆಯೇ ಆಗುತ್ತದೆ.

ಎರಡು ವಾದಗಳು

ಸರ್ಕಾರದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಎಷ್ಟು ಕೇಳಿದರೂ ಸಾಲ ಸಿಗುತ್ತದೆಂದಾದರೆ ಕಾಲೇಜುಗಳಿಗೆ ಶುಲ್ಕ ಇಳಿಸುವ ಒತ್ತಡವೇ ಇರುವುದಿಲ್ಲ ಎಂಬ ಮಾತನ್ನು ರೇಗನ್ ಸರ್ಕಾರದ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ 1987ರಲ್ಲೇ ಹೇಳಿದ್ದರು. ಅರ್ಥಶಾಸ್ತ್ರಜ್ಞರು ಅಂದಿನಿಂದ ಅದರ ಪರ–ವಿರೋಧ ಚರ್ಚಿಸುತ್ತಲೇ ಇದ್ದಾರೆ. ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಶೇ 95ರಷ್ಟು ಮಂದಿ ಈಗಲೂ ವಾರ್ಷಿಕ ಮಿತಿಗಿಂತ ಕಡಿಮೆ ಸಾಲವನ್ನೇ ಪಡೆಯುತ್ತಾರೆ, ಮೇಲಾಗಿ ಬಿಎಸ್ಸಿ ಮಟ್ಟದ ಓದಿಗೆ ಈ ಮಿತಿ ಅನ್ವಯಿಸುವುದೇ ಇಲ್ಲ ಎನ್ನುತ್ತದೆ ಇಲಾಖೆ.

ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಹಾಗೂ ನರ್ಸಿಂಗ್ ಕಾಲೇಜುಗಳ ಸಂಘಟನೆ ಮುಂದಿಡುವ ವಾದ ಬೇರೆ. ಎನ್‌ಪಿಗಳೂ ನರ್ಸಿಂಗ್ ಅಧ್ಯಾಪಕರೂ ತಯಾರಾಗುವುದು ಸ್ನಾತಕೋತ್ತರ ಮಟ್ಟದಲ್ಲಿ. ಅಲ್ಲಿ ಹಣದ ಹರಿವು ನಿಂತರೆ ಮೊದಲು ಅಧ್ಯಾಪಕರು ಕಡಿಮೆಯಾಗುತ್ತಾರೆ, ಅಧ್ಯಾಪಕರಿಲ್ಲದೆ ಬಿಎಸ್ಸಿ ಸೀಟುಗಳು ಕಡಿಮೆಯಾಗುತ್ತವೆ, ಕೆಲವೇ ವರ್ಷಗಳಲ್ಲಿ ಅದರ ಪರಿಣಾಮ ಆಸ್ಪತ್ರೆಯ ವಾರ್ಡಿಗೆ ಬಂದು ಮುಟ್ಟುತ್ತದೆ. ಸರ್ಕಾರಿ ಸಾಲ ಸಾಲದೆ ಖಾಸಗಿ ಬ್ಯಾಂಕಿಗೆ ಹೋದವರಿಗೆ ಇನ್ನೊಂದು ನಷ್ಟವೂ ಉಂಟು. ಲಾಭರಹಿತ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುತ್ತ ಹತ್ತು ವರ್ಷದ ಕಂತು ಕಟ್ಟಿದವರಿಗೆ ಉಳಿದ ಕೇಂದ್ರ ಸಾಲವನ್ನು ಮನ್ನಾ ಮಾಡುವ ಯೋಜನೆ 2007ರಿಂದ ಇದೆ. ಖಾಸಗಿ ಸಾಲ ಅದರ ವ್ಯಾಪ್ತಿಗೆ ಬರುವುದಿಲ್ಲ. ಮನ್ನಾದ ಆಸೆ ಇಲ್ಲದವರು ಸಂಬಳ ಕಡಿಮೆಯಿರುವ ಹಳ್ಳಿಗಾಡಿನ ಆಸ್ಪತ್ರೆಯನ್ನು ಏಕೆ ಆರಿಸಿಕೊಳ್ಳುತ್ತಾರೆ?

ಎರಡೂ ಕಡೆಯವರು ‘ನರ್ಸಿಂಗ್ ವಿದ್ಯಾರ್ಥಿ’ ಎಂಬ ಒಂದೇ ಪದದಲ್ಲಿ ತೀರಾ ಭಿನ್ನವಾದ ಓದುಗಳನ್ನು ಸೇರಿಸಿಬಿಟ್ಟಿರುವುದರಿಂದಲೇ ಗೊಂದಲ ಹೆಚ್ಚಿದೆ. ಆ ಓದುಗಳನ್ನು ಬಿಡಿಸಿ ನೋಡಬೇಕು.

ಪದವಿಗಿಂತ ಮೊದಲು ರೋಗಿ

ಎನ್‌ಪಿ ಎಂಬ ಹುದ್ದೆ ಹುಟ್ಟಿದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಹಳ್ಳಿಗಳಲ್ಲಿ ಮಕ್ಕಳ ವೈದ್ಯರಿಲ್ಲದ ಕೊರತೆ ನೀಗಿಸಲು ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ತಜ್ಞ ಹೆನ್ರಿ ಸಿಲ್ವರ್ ಸೇರಿ ನಡೆಸಿದ ತರಬೇತಿ ಅದರ ಬೇರು. ಆಮೇಲೆ ಈ ಓದು ಹತ್ತು ದಿಕ್ಕಿನಲ್ಲಿ ಬೆಳೆದು, ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಸರು ಪಡೆದು ಗೋಜಲಾದಾಗ, 2008ರಲ್ಲಿ ನರ್ಸಿಂಗ್ ಸಂಸ್ಥೆಗಳೆಲ್ಲ ಸೇರಿ ಒಂದು ಒಮ್ಮತದ ಚೌಕಟ್ಟು ಮಾಡಿದವು. ಅದರ ಪ್ರಕಾರ ಎನ್‌ಪಿ ತಾನು ನೋಡುವ ಜನವರ್ಗವನ್ನು ಓದಿಗೆ ಸೇರುವಾಗಲೇ ಆರಿಸಿಕೊಳ್ಳಬೇಕು. ಇಂಥ ವರ್ಗಗಳು ಆರು: ಕುಟುಂಬ, ವಯಸ್ಕರು ಮತ್ತು ವೃದ್ಧರು, ಮಕ್ಕಳು, ನವಜಾತ ಶಿಶುಗಳು, ಮಹಿಳಾ ಆರೋಗ್ಯ, ಮನೋರೋಗ. ವಯಸ್ಕರ ಹಾಗೂ ಮಕ್ಕಳ ವಿಭಾಗಗಳಲ್ಲಿ ಪ್ರಾಥಮಿಕ ಆರೈಕೆ, ತೀವ್ರ ಆರೈಕೆ ಎಂಬ ಇನ್ನೊಂದು ಕವಲು ಇದೆ.

ಎಂಬಿಬಿಎಸ್ ಮುಗಿಸಿ ಆಮೇಲೆ ತಜ್ಞತೆ ಆರಿಸಿಕೊಳ್ಳುವುದನ್ನು ಕಂಡಿರುವ ನಮಗೆ ಈ ಕ್ರಮ ತಿರುಗುಮುರುಗಾಗಿ ಕಾಣಬಹುದು. ಎನ್‌ಪಿ ಓದಿನಲ್ಲಿ ಎಲ್ಲರಿಗೂ ಸಾಮಾನ್ಯವಾದ ಪದವಿಯೊಂದನ್ನು ಮುಗಿಸಿ ಆಮೇಲೆ ವಿಭಾಗ ಹಿಡಿಯುವ ಅವಕಾಶವಿಲ್ಲ. ಓದು, ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆ, ಪರವಾನಗಿ ಮೂರರಲ್ಲೂ ಅದೇ ವಿಭಾಗದ ಹೆಸರು ಅಚ್ಚಾಗಿರುತ್ತದೆ. ವಿಭಾಗ ಬದಲಿಸಬೇಕೆಂದರೆ ಮತ್ತೆ ಕಾಲೇಜಿಗೆ ಸೇರಿ, ಮತ್ತೊಂದು ಸ್ನಾತಕೋತ್ತರ ಪ್ರಮಾಣಪತ್ರ ಪಡೆದು, ಮತ್ತೊಂದು ಪರೀಕ್ಷೆ ಬರೆಯಬೇಕು.

ಇದರ ಪರಿಣಾಮವನ್ನು ಒಂದು ತುರ್ತು ಚಿಕಿತ್ಸಾ ವಿಭಾಗದ ರಾತ್ರಿ ಪಾಳಿಯಲ್ಲಿ ಊಹಿಸಿಕೊಳ್ಳಬಹುದು. ಒಂದು ಹಾಸಿಗೆಯಲ್ಲಿ ಉಬ್ಬಸದಿಂದ ಏದುಸಿರು ಬಿಡುತ್ತಿರುವ ಒಂಬತ್ತು ವರ್ಷದ ಹುಡುಗ. ಪಕ್ಕದಲ್ಲಿ ಸೋಂಕು ರಕ್ತಕ್ಕೇರಿ, ರಕ್ತದೊತ್ತಡ ಕುಸಿದು, ವೆಂಟಿಲೇಟರ್ ಬೇಕಾಗಿರುವ ಅರುವತ್ತರ ಮನುಷ್ಯ. ವಯಸ್ಕರ ತೀವ್ರ ಆರೈಕೆಯಲ್ಲಿ ಪ್ರಮಾಣೀಕೃತರಾದ ಎನ್‌ಪಿ ಎರಡನೆಯವರನ್ನು ನೋಡಬಹುದು, ಹುಡುಗ ಅವರ ವ್ಯಾಪ್ತಿಗೆ ಹೊರಗಿನವನು. ಕುಟುಂಬ ವಿಭಾಗದ ಎನ್‌ಪಿ ಹುಡುಗನನ್ನು ನೋಡಬಹುದು, ಆದರೆ ವೆಂಟಿಲೇಟರ್ ರೋಗಿಯ ನಿರ್ವಹಣೆ ಅವರು ಕಲಿತ ಪ್ರಾಥಮಿಕ ಆರೈಕೆಯ ಆಚೆಗಿನದು. ಇಬ್ಬರೂ ಒಂದೇ ಮಟ್ಟದ ಪದವಿ ಪಡೆದವರೇ.

ಅಮೆರಿಕದ ಎನ್‌ಪಿಗಳಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಕುಟುಂಬ ವಿಭಾಗದವರು. ‘ಎಲ್ಲ ವಯಸ್ಸಿನವರನ್ನೂ ನೋಡಬಹುದು, ಆದ್ದರಿಂದ ಎಲ್ಲ ಕೆಲಸಕ್ಕೂ ಸಲ್ಲುತ್ತದೆ’ ಎಂಬ ನಂಬಿಕೆ ಇದಕ್ಕೆ ದೊಡ್ಡ ಕಾರಣ. ವಯಸ್ಸಿನ ಮಟ್ಟಿಗೆ ಅದು ನಿಜ, ಕಾಯಿಲೆಯ ತೀವ್ರತೆಯ ಮಟ್ಟಿಗೆ ಅಲ್ಲ. ಹಿಂದೆ ಆಸ್ಪತ್ರೆಗಳು ಕುಟುಂಬ ಎನ್‌ಪಿಗಳನ್ನೇ ಐಸಿಯುವಿಗೂ ಹಾಕಿಕೊಳ್ಳುತ್ತಿದ್ದವು. 2008ರ ಚೌಕಟ್ಟಿನ ನಂತರ ಅನೇಕ ಆಸ್ಪತ್ರೆಗಳು ತೀವ್ರ ಆರೈಕೆಯ ಪ್ರಮಾಣಪತ್ರವನ್ನೇ ಕೇಳತೊಡಗಿದವು. ಐಸಿಯುವಿನಲ್ಲಿ ಹತ್ತು ವರ್ಷ ದುಡಿದ ನರ್ಸ್ ಒಬ್ಬರು ಹತ್ತಿರದ ಕಾಲೇಜಿನಲ್ಲಿ ಸೀಟಿದೆ ಎಂಬ ಒಂದೇ ಕಾರಣಕ್ಕೆ ಕುಟುಂಬ ವಿಭಾಗಕ್ಕೆ ಸೇರಿದರೆ, ಪದವಿ ಮುಗಿದ ಮೇಲೆ ತಮ್ಮದೇ ಐಸಿಯುವಿಗೆ ಎನ್‌ಪಿಯಾಗಿ ಮರಳಲಾಗದೆ ಹೋಗಬಹುದು. ಈ ತಪ್ಪು ಸಾಲಮಿತಿಗಿಂತ ದುಬಾರಿ.

ಹಳೆಯ ಅನುಭವದ ತೂಕವೂ ವಿಭಾಗದಿಂದ ವಿಭಾಗಕ್ಕೆ ಬೇರೆ. ನವಜಾತ ಶಿಶು ವಿಭಾಗದ ಕೋರ್ಸ್‌ಗಳು ಸಾಮಾನ್ಯವಾಗಿ ಎನ್‌ಐಸಿಯುವಿನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಎರಡು ವರ್ಷದ ಕೆಲಸ ಕೇಳುತ್ತವೆ. ಮನೋರೋಗ ವಿಭಾಗದಲ್ಲಿ ಇಂಥ ಕಟ್ಟುನಿಟ್ಟು ಕಡಿಮೆ. ಬೇಡಿಕೆ ಹೆಚ್ಚು, ಕೆಲಸವನ್ನು ವಿಡಿಯೊ ಕರೆಯಲ್ಲೂ ಮಾಡಬಹುದು ಎಂಬ ಕಾರಣಕ್ಕೆ ಇತ್ತೀಚಿನ ವರ್ಷಗಳಲ್ಲಿ ಅತ್ತ ನೂಕುನುಗ್ಗಲಿದೆ.

ರಾಜ್ಯ ಬದಲಾದರೆ ಅಧಿಕಾರವೂ ಬದಲು

ಪರವಾನಗಿ ಕೊಡುವುದು ರಾಜ್ಯ ಸರ್ಕಾರ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಎನ್‌ಪಿ ವೈದ್ಯರ ಸಹಿಯಿಲ್ಲದೆ ಸ್ವತಂತ್ರವಾಗಿ ಚಿಕಿತ್ಸೆ ಕೊಡಬಹುದು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ ಇಂಥದ್ದು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಕ್ಯಾಲಿಫೋರ್ನಿಯಾ 2020ರ ಕಾನೂನಿನ ಮೂಲಕ ಹಂತಹಂತವಾಗಿ ಆ ಕಡೆಗೆ ಸಾಗುತ್ತಿದ್ದು, ಅಲ್ಲಿ ಮೊದಲು ಮೂರು ವರ್ಷ ಅಥವಾ 4,600 ಗಂಟೆಗಳ ಅನುಭವ ಆಗಬೇಕು. ಟೆಕ್ಸಾಸ್‌ನಲ್ಲಿ ಔಷಧಿ ಬರೆಯಲು ವೈದ್ಯರೊಂದಿಗೆ ಲಿಖಿತ ಒಪ್ಪಂದ ಕಡ್ಡಾಯ. ದುರ್ಬಳಕೆಯ ಅಪಾಯ ಹೆಚ್ಚಿರುವ ‘ಶೆಡ್ಯೂಲ್ 2’ ಔಷಧಿಗಳನ್ನು ಆಸ್ಪತ್ರೆಯಲ್ಲಿ ಅಥವಾ ಬದುಕಿನ ಕೊನೆಗಾಲದ ‘ಹಾಸ್ಪಿಸ್’ ಆರೈಕೆಯಲ್ಲಿ ಮಾತ್ರ ಬರೆಯಬಹುದು.

ಇದು ವಿಭಾಗದ ಆಯ್ಕೆಗೆ ನೇರವಾಗಿ ತಳುಕು ಹಾಕಿಕೊಂಡಿದೆ. ಗಮನ ಕೊರತೆಯ ತೊಂದರೆಗೆ ಬಳಸುವ ಮುಖ್ಯ ಔಷಧಿಗಳು ಶೆಡ್ಯೂಲ್ 2ರಲ್ಲೇ ಇವೆ. ಟೆಕ್ಸಾಸ್‌ನಲ್ಲಿ ಹೊರರೋಗಿಗಳ ಮನೋರೋಗ ಕ್ಲಿನಿಕ್ ನಡೆಸಬೇಕೆಂದಿರುವ ಎನ್‌ಪಿ ತನ್ನ ರೋಗಿಗಳಲ್ಲಿ ಒಂದು ಭಾಗಕ್ಕೆ ಬೇಕಾದ ಔಷಧಿಯನ್ನು ತಾನೇ ಬರೆಯುವಂತಿಲ್ಲ. ಅದೇ ರಾಜ್ಯದಲ್ಲಿ ಆಸ್ಪತ್ರೆಯೊಳಗೆ ವೈದ್ಯರ ತಂಡದ ಜತೆಗೇ ಇರುವ ತೀವ್ರ ಆರೈಕೆಯ ಎನ್‌ಪಿಗೆ ಈ ನಿರ್ಬಂಧ ದಿನನಿತ್ಯದಲ್ಲಿ ಅಷ್ಟಾಗಿ ಕಾಡುವುದಿಲ್ಲ.

ವೈದ್ಯರ ಸಂಘಟನೆಗಳು ಈ ಸ್ವಾತಂತ್ರ್ಯವನ್ನು ವಿರೋಧಿಸುತ್ತ ಬಂದಿವೆ. ವೈದ್ಯರು ಹತ್ತು ಸಾವಿರಕ್ಕೂ ಮೀರಿದ ಗಂಟೆಗಳ ಕ್ಲಿನಿಕಲ್ ತರಬೇತಿ ಪಡೆದಿರುವಾಗ ಕೆಲವು ನೂರು ಗಂಟೆ ಕಲಿತವರಿಗೆ ಅದೇ ಅಧಿಕಾರ ಸಲ್ಲದೆಂಬುದು ಅವುಗಳ ವಾದ. ನರ್ಸಾಗಿ ಕಳೆದ ವರ್ಷಗಳನ್ನು ಆ ಲೆಕ್ಕಕ್ಕೆ ಸೇರಿಸಿಲ್ಲ, ವೈದ್ಯರೇ ಇಲ್ಲದ ಊರುಗಳಲ್ಲಿ ಆಯ್ಕೆ ಇರುವುದು ಎನ್‌ಪಿ ಮತ್ತು ಶೂನ್ಯದ ನಡುವೆ ಎಂಬುದು ನರ್ಸಿಂಗ್ ಸಂಘಟನೆಗಳ ಉತ್ತರ.

ಮಾಸ್ಟರ್ಸೋ, ಡಾಕ್ಟರೇಟೋ

ಎನ್‌ಪಿ ಆಗಲು ಎಂಎಸ್‌ಎನ್, ಅಂದರೆ ನರ್ಸಿಂಗ್ ಸ್ನಾತಕೋತ್ತರ ಪದವಿ ಸಾಕು. ಆದರೆ 2004ರಲ್ಲಿ ನರ್ಸಿಂಗ್ ಕಾಲೇಜುಗಳ ಸಂಘಟನೆ 2015ರ ಹೊತ್ತಿಗೆ ಡಿಎನ್‌ಪಿ ಎಂಬ ವೃತ್ತಿ ಡಾಕ್ಟರೇಟನ್ನೇ ಪ್ರವೇಶಮಟ್ಟ ಮಾಡಬೇಕೆಂದು ನಿರ್ಣಯಿಸಿತು. 2015 ಕಳೆಯಿತು, ಅದು ಆಗಲಿಲ್ಲ. 2018ರಲ್ಲಿ ಎನ್‌ಪಿ ಅಧ್ಯಾಪಕರ ಸಂಘಟನೆ ಗುರಿಯನ್ನು 2025ಕ್ಕೆ ತಳ್ಳಿತು, ಆಗಲೂ ಅದು ಕಾನೂನಾಗಲಿಲ್ಲ. ಪ್ರವೇಶ ಸಲಹೆಗಾರರು ‘ಇನ್ನು ಡಿಎನ್‌ಪಿ ಕಡ್ಡಾಯ’ ಎಂದು ಹೇಳುವುದನ್ನು ಈ ಇತಿಹಾಸದ ಹಿನ್ನೆಲೆಯಲ್ಲಿ ಕೇಳಿಸಿಕೊಳ್ಳಬೇಕು. ಡಾಕ್ಟರೇಟ್ ನಿಜಕ್ಕೂ ಕಡ್ಡಾಯವಾಗಿರುವುದು ಎನ್‌ಪಿಯ ಸೋದರ ಹುದ್ದೆಯಾದ ಅರಿವಳಿಕೆ ನರ್ಸ್‌ಗೆ. ಅಲ್ಲಿ 2022ರ ಜನವರಿಯಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಕೋರ್ಸಿಗೇ ಸೇರಬೇಕು.

ಡಿಎನ್‌ಪಿಯಿಂದ ಪರವಾನಗಿಯ ವ್ಯಾಪ್ತಿ ಒಂದಿಷ್ಟೂ ಹಿಗ್ಗುವುದಿಲ್ಲ. ಬೋಧನೆ, ಆಡಳಿತ, ಗುಣಮಟ್ಟ ಸುಧಾರಣೆಯ ಕೆಲಸಗಳಿಗೆ ಅದು ಉಪಯುಕ್ತ. ರೋಗಿಗಳನ್ನು ನೋಡುತ್ತಲೇ ಇರಬೇಕೆಂಬುವವರು ಮೊದಲು ಎಂಎಸ್‌ಎನ್ ಮುಗಿಸಿ, ಕೆಲಸಕ್ಕೆ ಸೇರಿ, ಸಾಧ್ಯವಾದರೆ ಆಸ್ಪತ್ರೆಯ ನೆರವಿನಲ್ಲಿ ಡಿಎನ್‌ಪಿ ಮಾಡುವುದು ಹೊಸ ಸಾಲಮಿತಿಯಲ್ಲಿ ಹೆಚ್ಚು ವಿವೇಕದ ದಾರಿಯಾಗಿ ಕಾಣುತ್ತದೆ.

ಮಿತಿ ಎಲ್ಲಿ ಕಚ್ಚುತ್ತದೆ

ಒಟ್ಟು ಒಂದು ಲಕ್ಷ ಡಾಲರ್ ಎಂಬ ಅಂಕಿಯನ್ನು ನೋಡಿ ‘ಎನ್‌ಪಿ ಓದಿಗೆ ಇಷ್ಟು ಸಾಲದೇ?’ ಎನ್ನುವವರು ವಾರ್ಷಿಕ ಮಿತಿಯನ್ನು ಮರೆಯುತ್ತಾರೆ. ಮೂರು ವರ್ಷದ ಪೂರ್ಣಾವಧಿ ಓದಿಗೆ ಸಿಗುವುದು 61,500 ಡಾಲರ್ ಮಾತ್ರ, ಲಕ್ಷದ ಗಡಿ ತಲುಪುವ ಮೊದಲೇ ಓದು ಮುಗಿದಿರುತ್ತದೆ. ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಡಿಮೆ ಶುಲ್ಕದ ಎಂಎಸ್‌ಎನ್‌ಗೆ ಅದು ಸಾಕಾಗಬಹುದು. ಅರಿವಳಿಕೆ ನರ್ಸ್ ವಿದ್ಯಾರ್ಥಿಗೆ ಸಾಕಾಗದು: ಶುಲ್ಕ ಅದಕ್ಕಿಂತ ಬಹಳ ಹೆಚ್ಚು, ತರಬೇತಿ ಎಷ್ಟು ಬಿಗಿಯೆಂದರೆ ಜತೆಗೆ ಕೆಲಸ ಮಾಡುವುದು ಬಹುತೇಕ ಅಸಾಧ್ಯ, ಹಾಗಾಗಿ ಮನೆ ಬಾಡಿಗೆಯೂ ಸಾಲದಿಂದಲೇ ಬರಬೇಕು. ಖಾಸಗಿ ವಿಶ್ವವಿದ್ಯಾಲಯದ ಪೂರ್ಣಾವಧಿ ಡಿಎನ್‌ಪಿ ವಿದ್ಯಾರ್ಥಿಯದೂ ಹೆಚ್ಚುಕಡಿಮೆ ಇದೇ ಪಾಡು.

ಕೆಲಸ ಮಾಡುತ್ತಲೇ ಓದುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಪೂರ್ಣಾವಧಿಗಿಂತ ಕಡಿಮೆ ಕ್ರೆಡಿಟ್ ತೆಗೆದುಕೊಂಡವರಿಗೆ ವಾರ್ಷಿಕ ಮಿತಿಯನ್ನು ಅದೇ ಅನುಪಾತದಲ್ಲಿ ಇಳಿಸಬೇಕೆಂದು ಹೊಸ ಕಾಯ್ದೆ ಹೇಳುತ್ತದೆ. ಅರ್ಧಾವಧಿ ವಿದ್ಯಾರ್ಥಿಗೆ ವರ್ಷಕ್ಕೆ ಸುಮಾರು 10,250 ಡಾಲರ್ ಎಂದಾಯಿತು. ಇಲಾಖೆಯ ಶೇ 95ರ ಲೆಕ್ಕ ಸರಿಯೇ ಇದ್ದರೂ ಅದನ್ನು ಓದುವಾಗ ಈ ಇಳಿತವನ್ನು ನೆನಪಿಟ್ಟುಕೊಳ್ಳಬೇಕು. ಈಗಾಗಲೇ ಕೋರ್ಸಿನಲ್ಲಿದ್ದು, 2026ರ ಜುಲೈಗೆ ಮೊದಲೇ ಅದಕ್ಕಾಗಿ ಕೇಂದ್ರ ಸಾಲ ಪಡೆದವರಿಗೆ ಮಾತ್ರ ಗರಿಷ್ಠ ಮೂರು ವರ್ಷ ಅಥವಾ ಕೋರ್ಸ್ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಹಳೆಯ ಮಿತಿಯೇ ಮುಂದುವರಿಯುತ್ತದೆ.

ಗಳಿಕೆಯ ಕಡೆ ನೋಡಿದರೆ, 2024ರ ಸರ್ಕಾರಿ ಅಂಕಿಅಂಶದಂತೆ ಎನ್‌ಪಿಗಳ ಮಧ್ಯಮ ವಾರ್ಷಿಕ ವೇತನ 1,29,210 ಡಾಲರ್, ನೋಂದಾಯಿತ ನರ್ಸ್‌ಗಳದ್ದು 93,600 ಡಾಲರ್. ಅಂತರ ಆಕರ್ಷಕವೇ. ಆದರೆ ಕ್ಯಾಲಿಫೋರ್ನಿಯಾದ ಅನುಭವಿ ನರ್ಸ್ ಓವರ್‌ಟೈಮ್ ಸೇರಿಸಿ ಬೇರೆ ರಾಜ್ಯದ ಎನ್‌ಪಿಗಿಂತ ಹೆಚ್ಚು ಗಳಿಸುವುದು ವಿಶೇಷವೇನಲ್ಲ. ಅಂಥವರಿಗೆ ಎನ್‌ಪಿ ಓದು ಹಣದ ಲೆಕ್ಕದಲ್ಲಿ ಗೆಲ್ಲುವುದಿಲ್ಲ, ಕೆಲಸದ ಸ್ವರೂಪ ಬದಲಾಗಬೇಕೆಂಬ ಲೆಕ್ಕದಲ್ಲಿ ಗೆಲ್ಲಬಹುದು.

ಅಗ್ಗದ ಆನ್‌ಲೈನ್ ಓದಿನ ಸೆಳೆತ

ಸಾಲ ಕಡಿಮೆಯಾದಾಗ ಜನ ಅಗ್ಗದ ಕೋರ್ಸಿನತ್ತ ಹೊರಳುವುದು ಸಹಜ. ಅಗ್ಗದ ಕೋರ್ಸ್ ಎಂದರೆ ಬಹುಪಾಲು ಆನ್‌ಲೈನ್. ಪಾಠವನ್ನು ಆನ್‌ಲೈನ್‌ನಲ್ಲಿ ಕೇಳಬಹುದು, ರೋಗಿಯ ಎದೆಬಡಿತವನ್ನು ಕೇಳಲಾಗುವುದಿಲ್ಲ. 2022ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಮಾನದಂಡ ಕನಿಷ್ಠ 750 ಗಂಟೆಗಳ ನೇರ ರೋಗಿ ಆರೈಕೆ ಕೇಳುತ್ತದೆ. ಹಿಂದೆ ಇದ್ದದ್ದು 500. ವಾರಕ್ಕೆ ಎರಡು ದಿನ, ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ 750 ಗಂಟೆ ಮುಗಿಯಲು 47 ವಾರ ಬೇಕು. ಅಷ್ಟೂ ವಾರ ಪಕ್ಕದಲ್ಲಿ ನಿಂತು ಕಲಿಸುವ ವೈದ್ಯರೋ ಹಿರಿಯ ಎನ್‌ಪಿಯೋ ಇರಬೇಕು. ಅವರನ್ನು ಅಲ್ಲಿ ‘ಪ್ರಿಸೆಪ್ಟರ್’ ಎನ್ನುತ್ತಾರೆ.

ಅನೇಕ ಕೋರ್ಸ್‌ಗಳು ಪ್ರಿಸೆಪ್ಟರನ್ನು ಹುಡುಕುವ ಹೊಣೆಯನ್ನು ವಿದ್ಯಾರ್ಥಿಯ ಹೆಗಲಿಗೇ ಹಾಕುತ್ತವೆ. ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಕರೆ ಮಾಡಿ ಸೋತವರು ಕೊನೆಗೆ ದುಡ್ಡು ಕೊಟ್ಟು ಮಧ್ಯವರ್ತಿ ಕಂಪನಿಗಳ ಮೊರೆ ಹೋಗುವುದುಂಟು, ಪ್ರಿಸೆಪ್ಟರ್ ಸಿಗದೆ ಸೆಮಿಸ್ಟರ್ ಕಳೆದುಕೊಳ್ಳುವುದೂ ಉಂಟು. ಶುಲ್ಕದಲ್ಲಿ ಉಳಿದದ್ದು ಹೀಗೆ ಸೋರಿಹೋಗುತ್ತದೆ. ಹೊಸ ಸಾಲಮಿತಿಯ ಬಗೆಗಿನ ಚರ್ಚೆಯಲ್ಲಿ ಈ ಮಾತು ಅಷ್ಟಾಗಿ ಕೇಳಿಬರುತ್ತಿಲ್ಲ. ಮಿತಿಯಿಂದ ಓದು ಬಿಡುವವರಿಗಿಂತ, ಮಿತಿಯೊಳಗೆ ಹಿಡಿಸುವ ಆದರೆ ತರಬೇತಿ ತೆಳುವಾದ ಓದಿಗೆ ಸೇರುವವರೇ ಹೆಚ್ಚಾಗುವ ಸಾಧ್ಯತೆ ಕಾಣುತ್ತಿದೆ.

ಕರ್ನಾಟಕದಿಂದ ಹೋದವರ ಮಟ್ಟಿಗೆ

ಕೇಂದ್ರ ಶಿಕ್ಷಣ ಸಾಲ ಸಿಗುವುದು ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಹಾಗೂ ಇನ್ನು ಕೆಲವೇ ವರ್ಗಗಳಿಗೆ. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗಾಗಲಿ, ಗಂಡನ ಅಥವಾ ಹೆಂಡತಿಯ ಎಚ್–1ಬಿ ಉದ್ಯೋಗದ ಆಧಾರದಲ್ಲಿ ಎಚ್–4 ವೀಸಾದಲ್ಲಿರುವ ನರ್ಸ್‌ಗಳಿಗಾಗಲಿ ಅದು ಹಿಂದೆಯೂ ಇರಲಿಲ್ಲ. ಅವರ ಲೆಕ್ಕ ಈ ಸುದ್ದಿಯಿಂದ ನೇರವಾಗಿ ಬದಲಾಗುವುದಿಲ್ಲ. ವಿದ್ಯಾರ್ಥಿ ವೀಸಾದವರಿಗೆ ಪೂರ್ಣಾವಧಿಯ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ತರಗತಿ ಸಲ್ಲುವುದರಿಂದ, ಅಗ್ಗದ ಆನ್‌ಲೈನ್ ಎನ್‌ಪಿ ಕೋರ್ಸ್‌ಗಳು ಅವರಿಗೆ ಮೊದಲಿನಿಂದಲೂ ಮುಚ್ಚಿದ ಬಾಗಿಲೇ.

ಬದಲಾವಣೆ ತಟ್ಟುವುದು ಅಮೆರಿಕದ ನರ್ಸ್ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು, ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ನ ಇಬಿ–3 ಸಾಲಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾದು, ಗ್ರೀನ್ ಕಾರ್ಡ್‌ನೊಂದಿಗೆ ಹೋಗಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನರ್ಸ್‌ಗಳಿಗೆ. ಅವರಲ್ಲಿ ಬಹುತೇಕರು ಮನೆ, ಮಕ್ಕಳು, ಊರಿಗೆ ಕಳಿಸಬೇಕಾದ ಹಣ ಎಲ್ಲ ತೂಗಿಸಿಕೊಂಡು ಓದಬೇಕಾದವರು. ಅವರಿಗೆ ಒಗ್ಗುವುದು ಅರ್ಧಾವಧಿಯ ಓದು, ಅನುಪಾತದಲ್ಲಿ ಇಳಿಯುವ ಮಿತಿಯೂ ಅದಕ್ಕೇ. ಆಸ್ಪತ್ರೆ ಕೊಡುವ ಶುಲ್ಕ ನೆರವು ಎಷ್ಟು, ಅದಕ್ಕೆ ಪ್ರತಿಯಾಗಿ ಎಷ್ಟು ವರ್ಷ ಅಲ್ಲೇ ಇರಬೇಕು ಎಂಬ ಪ್ರಶ್ನೆ ಇನ್ನು ಮುಂದೆ ಅವರ ನಿರ್ಧಾರದಲ್ಲಿ ಹೆಚ್ಚು ತೂಗುತ್ತದೆ.

ಭಾರತದಲ್ಲೂ ಈ ಹೆಸರಿನ ಓದು ಇದೆ. ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ತೀವ್ರ ನಿಗಾ ಆರೈಕೆಯ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಎರಡು ವರ್ಷದ ರೆಸಿಡೆನ್ಸಿ ಮಾದರಿಯದು, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವಂಥದ್ದು. ಸೂಲಗಿತ್ತಿ ಸೇವೆಗೆ 18 ತಿಂಗಳ ಇನ್ನೊಂದು ಕೋರ್ಸ್ ಇದೆ. 1947ರ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆಯಾದರೂ, ಅಮೆರಿಕದಂತೆ ಸ್ವತಂತ್ರವಾಗಿ ಚಿಕಿತ್ಸೆ ಕೊಡುವ ಪರವಾನಗಿಯ ವ್ಯವಸ್ಥೆ ಇಲ್ಲಿ ಇನ್ನೂ ರೂಪುಗೊಂಡಿಲ್ಲ. ಇಲ್ಲಿನ ಕೋರ್ಸ್ ಮುಗಿಸಿದ ಮಾತ್ರಕ್ಕೆ ಅಲ್ಲಿ ಎನ್‌ಪಿ ಆಗುವಂತೆಯೂ ಇಲ್ಲ. ಅಲ್ಲಿನ ಪ್ರಮಾಣೀಕರಣ ಪರೀಕ್ಷೆಗೆ ಕೂರಲು ಅಲ್ಲಿ ಮಾನ್ಯತೆ ಪಡೆದ ಕೋರ್ಸನ್ನೇ ಓದಿರಬೇಕು. ಬೆಂಗಳೂರಿನ ಐಸಿಯುವಿನಲ್ಲಿ ಎರಡು ವರ್ಷದ ರೆಸಿಡೆನ್ಸಿ ಮುಗಿಸಿದವರೂ ಅಲ್ಲಿಗೆ ಹೋದಾಗ ಮೊದಲು ನೋಂದಾಯಿತ ನರ್ಸಾಗಿ, ಆಮೇಲೆ 750 ಗಂಟೆಗಳ ಲೆಕ್ಕವನ್ನು ಸೊನ್ನೆಯಿಂದ ಆರಂಭಿಸಬೇಕಾಗುತ್ತದೆ.